ನಲವತ್ತನೆಯ ಮನೆ

“ಸರ್, ಹದಿನೇಳನೇ ನಂಬರ್ ಮನೆ ಮುಂದೆ ಕಸದ ಡಬ್ಬ ಇಲ್ಲ,” ಎಂದಳು ಪ್ರಾರ್ಥನಾ. “ಕಿಟಕಿಗೆ ಕರ್ಟನ್ ಕೂಡ ಇಲ್ಲ. ಖಾಲಿ ಅಂತ ಹಾಕ್ಲಾ?”

ವೆಂಕಟರಾಮು ಕನ್ನಡಕವನ್ನು ಹಣೆಗೇರಿಸಿ, ಅವಳ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಕೆಂಪು ಇಟ್ಟಿಗೆಯ ಪುಟ್ಟ ಮನೆ, ಬಿಳಿ ಬಾಗಿಲು. ಬಾಗಿಲ ಮೇಲೆ ಅಡ್ಡಕ್ಕೆ ಹಸಿರು ಎಲೆಗಳ ಸಾಲು.

“ಅಯ್ಯೋ ಹುಚ್ಚಿ, ತೋರಣ ಕಣಮ್ಮಾ ಅದು! ಮಾವಿನೆಲೆ. ಪ್ಲಾಸ್ಟಿಕ್ಕಲ್ಲ, ನಿಜವಾದ್ದು. ನೋಡು, ಒಂದೆಲೆ ಮುದುರಿದೆ. ಫೋಟೋ ತೆಗೆದಿದ್ದು ಯಾವತ್ತು?”

“ಮಾರ್ಚ್ ಮೂವತ್ತೊಂದು.”

“ಯುಗಾದಿ ಮಾರನೇ ದಿವಸ. ಹಬ್ಬ ಮಾಡಿದ್ದಾರೆ, ಹೋಳಿಗೆ ತಿಂದಿದ್ದಾರೆ. ಇನ್ನು ಕಸದ ಡಬ್ಬ ಕಟ್ಕೊಂಡು ಏನಾಗ್ಬೇಕು? ಜನ ಇದ್ದಾರೆ ಅಂತ ಹಾಕು.”

“ಆದ್ರೂ ಸರ್, ನಮ್ಮ ಚೆಕ್‌ಲಿಸ್ಟಲ್ಲಿ...”

“ಹಾಕಮ್ಮ. ತಪ್ಪಾದ್ರೆ ನನ್ನ ಹೆಸರಿಗೆ ಬರ್ಕೋ.”

ಈಗಿನ ಕಾಲದ ಹುಡುಗಿ, ಬೆಂಗಳೂರಿನವಳು. ಷರಾದ ಕಾಲಂನಲ್ಲಿ ಹಾಗೇ ಬರೆದುಕೊಂಡೂ ಬಿಟ್ಟಳು: ‘ಬಾಗಿಲಲ್ಲಿ ಹಬ್ಬದ ಗುರುತು ಇದೆ. ವಾಸವಿದ್ದಾರೆ. ನಿರ್ಧಾರ: ವೆಂಕಟರಾಮು.’

ದೋಹಾದ ಅಲ್ ಗರಾಫಾ ಬಡಾವಣೆಯ ಆಫೀಸೊಂದರ ಮೂರನೇ ಮಹಡಿಯಲ್ಲಿ ಕೂತು ಇಂಗ್ಲೆಂಡಿನ ಮನೆಗಳ ಕಸದ ಡಬ್ಬ ಎಣಿಸುವ ಕೆಲಸವೂ ಒಂದಿದೆ ಅಂದರೆ ಯಾರಾದರೂ ನಕ್ಕಾರು. ಆದರೆ ಇದೆ. ಎಲ್ಡರ್‌ಹರ್ಸ್ಟ್ ಅನ್ನುವ ಊರಿನ ಪಾಲಿಕೆ ವರ್ಷಕ್ಕೊಂದು ವರದಿ ಮಾಡಬೇಕು. ಎಷ್ಟು ಮನೆಗೆ ಅನುಮತಿ ಕೊಟ್ಟೆವು, ಅದರಲ್ಲಿ ಎಷ್ಟು ಕಟ್ಟಿದರು, ಎಷ್ಟರಲ್ಲಿ ಜನ ಬಂದು ಸೇರಿದರು, ಯಾವ ಮರ ಕಡಿದರು, ಬದಲಿಗೆ ನೆಟ್ಟರೋ ಇಲ್ಲವೋ. ಆ ಪಾಲಿಕೆಯ ಲೆಕ್ಕ ನೋಡುವ ಕಂಪನಿಗೆ ದೋಹಾದಲ್ಲೊಂದು ಶಾಖೆ. ಆ ಶಾಖೆಯಲ್ಲಿ ಈ ಕೆಲಸ ಒಂಬತ್ತು ವರ್ಷದಿಂದ ಮೈಸೂರಿನ ವೆಂಕಟರಾಮು ಅವರದ್ದು.

ಒಂಬತ್ತು ವರ್ಷದಲ್ಲಿ ಅವರು ಆ ಊರನ್ನು ಒಮ್ಮೆಯೂ ಕಂಡವರಲ್ಲ. ಆದರೂ ಚರ್ಚಿನ ಹಿಂದಿನ ಬೀದಿಯ ಬೇಕರಿ ಹಲ್ಲಿನ ಡಾಕ್ಟರ ಷಾಪಾಗಿದ್ದು ಗೊತ್ತು, ಹೊಳೆದಂಡೆಯ ಮೂರನೇ ಮರಕ್ಕೆ ಹುಳ ಹತ್ತಿದ್ದು ಗೊತ್ತು. ಮಾತಿನ ನಡುವೆ “ನಮ್ಮೂರಲ್ಲಿ ಈ ಸಲ ಎರಡು ಶಾಲೆ ಬಂತು” ಅಂದರೆ ಅದು ಮೈಸೂರಲ್ಲ, ಎಲ್ಡರ್‌ಹರ್ಸ್ಟ್. ಹೆಂಡತಿ ವೇದಾ ಅದಕ್ಕೆ ಇಟ್ಟ ಹೆಸರೇ ಬೇರೆ. “ನಿಮ್ಮ ಎರಡನೇ ಸಂಸಾರ ಹೇಗಿದೆಯಂತೆ?” ಎಂದು ದಿನಾ ಸಂಜೆ ಕಾಫಿ ಕೊಡುತ್ತಾ ಕೇಳುತ್ತಿದ್ದರು.

ಆ ಸಂಸಾರದಲ್ಲಿ ಎರಡು ವರ್ಷದಿಂದ ಒಂದು ರಗಳೆ ನಡೆದಿತ್ತು. ಊರಾಚೆಯ ಹೊಸ ಬಡಾವಣೆಯಲ್ಲಿ ಅರವತ್ತು ಮನೆ. ನಲವತ್ತನೆಯ ಮನೆಗೆ ಜನ ಬಂದು ಸೇರಿದ ಕೂಡಲೇ ಬಿಲ್ಡರು ಮಕ್ಕಳಿಗೆ ಆಟದ ಮೈದಾನ ಮಾಡಿಕೊಡಬೇಕೆಂದು ಷರತ್ತು. ಬಿಲ್ಡರು ಮಹಾ ಚಾಲಾಕಿ. ಮೂವತ್ತೊಂಬತ್ತಕ್ಕೆ ತಂದು ನಿಲ್ಲಿಸಿ, ಉಳಿದದ್ದನ್ನು ಆಮೆಯ ಹಾಗೆ ಎಳೆಯುತ್ತಿದ್ದರು. ಮಕ್ಕಳು ಜಲ್ಲಿರಾಶಿಯ ಮೇಲೆ ಆಡುತ್ತಿದ್ದವು. ಪಾಲಿಕೆಯ ಅಧಿಕಾರಿ ಗ್ವೆನ್, ಸೈಕಲ್ಲು ತುಳಿದುಕೊಂಡು ಹೋಗಿ ಪ್ರತಿ ಬಾಗಿಲಿನ ಫೋಟೋ ತೆಗೆದು ದೋಹಾಕ್ಕೆ ಕಳಿಸುವ ಹೆಂಗಸು, ಪ್ರತಿ ಮಾರ್ಚಿಗೂ ಒಂದೇ ಸಾಲು ಬರೆಯುತ್ತಿದ್ದರು: “ವೆಂಕಟ್, ಈ ಸಲವಾದರೂ ನನಗೊಂದು ನಲವತ್ತು ಹುಡುಕಿಕೊಡಿ.”

ಹುಡುಕಿಕೊಟ್ಟಿದ್ದರಲ್ಲ! ಹದಿನೇಳನೇ ನಂಬರೇ ನಲವತ್ತನೆಯದು. ವರದಿ ಹೋದ ದಿನ ಗ್ವೆನ್ ಮೂರು ಸಲ ಥ್ಯಾಂಕ್ಸ್ ಬರೆದರು. ವೆಂಕಟರಾಮು ಆ ಇ-ಮೇಲ್ ಪ್ರಿಂಟು ತೆಗೆಸಿ ಮನೆಗೆ ಒಯ್ದಿದ್ದರು.

ಇನ್ನೊಂದು ವಿಷಯ ಹೇಳಬೇಕು. ಆಗಸ್ಟಿಗೆ ಅವರಿಗೆ ಅರವತ್ತು. ಕಂಪನಿಯ ನಿಯಮದ ಪ್ರಕಾರ ಅಲ್ಲಿಗೆ ಖಲಾಸ್, ಪೆಟ್ಟಿಗೆ ಕಟ್ಟಬೇಕು. ಮ್ಯಾನೇಜರ್ ಡ್ಯಾರೆಲ್, ಮಂಗಳೂರು ಬೆಂದೂರಿನವನು, ಒಳ್ಳೇ ಹುಡುಗ, ದಾರಿ ಹುಡುಕಿದ್ದ. “ಗ್ವೆನ್ ಹತ್ರ ಒಂದು ಲೆಟರ್ ಬರೆಸಿ ಸರ್. ನೀವಿಲ್ಲದೆ ಅವರಿಗೆ ಆಗುದಿಲ್ಲ ಅಂತ. ಒಂದು ವರ್ಷ ನಾನು ಮುಂದೆ ಹಾಕಿಸ್ತೇನೆ.” ವೆಂಕಟರಾಮುಗೆ ಆ ಒಂದು ವರ್ಷ ಬೇಕಾಗಿತ್ತು. ಯಾಕೆ ಅಂತ ಕೇಳಿದ್ದರೆ “ಆ ಮೈದಾನ ಒಂದು ಆಗೋದು ನೋಡ್ಬೇಕು” ಅನ್ನುತ್ತಿದ್ದರು. ವೇದಾ ಏನೂ ಕೇಳಿರಲಿಲ್ಲ. ಮೈಸೂರು ಬೋಗಾದಿಯಲ್ಲಿ ಅವರದೇ ಮನೆ ಹನ್ನೊಂದು ವರ್ಷದಿಂದ ಬೀಗ ಹಾಕಿಕೊಂಡು ಕೂತಿತ್ತು. ಮೊದಲು ಮಗಳು ಜಾಹ್ನವಿಯ ಓದು ಮುಗಿಯಲಿ ಅಂದರು, ಆಮೇಲೆ ಅವಳ ಮದುವೆ, ಆಮೇಲೆ ಕೊರೋನಾ, ಈಗ ಈ ಮೈದಾನ. ವೇದಾ ಕೇಳುವುದನ್ನೇ ಬಿಟ್ಟಿದ್ದರು.

ಜೂನ್ ಎರಡನೇ ವಾರ, ಹೊರಗೆ ಬಿಸಿಲು ಕಾರಿನ ಸ್ಟೀರಿಂಗು ಮುಟ್ಟಲಾಗದಷ್ಟು ಕಾಯುತ್ತಿದ್ದ ದಿನ, ಬಿಲ್ಡರ ಪತ್ರ ಬಂತು. ಹದಿನೇಳನೇ ಮನೆಯಲ್ಲಿ ಯಾರೂ ವಾಸವಿಲ್ಲ, ಒಂದೇ ಒಂದು ರಾತ್ರಿ ಯಾರೂ ಮಲಗಿಲ್ಲ, ಪಾಲಿಕೆಯ ಲೆಕ್ಕವೇ ತಪ್ಪು. ಜೊತೆಗೆ ಸೊನ್ನೆ ತೋರಿಸುವ ಕರೆಂಟ್ ಮೀಟರಿನ ಫೋಟೋ. ಕೆಳಗೆ ಗ್ವೆನ್ ಅವರ ಎರಡೇ ಸಾಲು: ‘ವೆಂಕಟ್, ನೀವು ಯಾವ ಆಧಾರದ ಮೇಲೆ ಬರೆದಿರಿ? ನಾಡಿದ್ದು ಗುರುವಾರ ಮಾತಾಡೋಣ.’

ವೆಂಕಟರಾಮು ಮಾರ್ಚಿನ ಫೋಟೋವನ್ನು ಮತ್ತೆ ತೆರೆದು ನೋಡಿದರು.

ಡ್ಯಾರೆಲ್ ಬಂದು ಮೇಜಿನ ಅಂಚಿಗೆ ಕೂತ. “ಎಂತ ಮಾರಾಯ್ರೆ ಇದು? ನೀವು ಸುಮ್ನೆ ‘ಪರಿಶೀಲನೆಯಲ್ಲಿದೆ’ ಅಂತ ಹೇಳಿ. ಆಗಸ್ಟ್ ದಾಟಲಿ. ಅಷ್ಟರೊಳಗೆ ಆ ಮನೆಗೆ ಜನ ಬಂದೇ ಬರ್ತಾರೆ.”

“ಬರದೇ ಇದ್ರೆ?”

“ನಿಮ್ಮ ಲೆಟರಂತೂ ಬಂದಿರ್ತದಲ್ಲ!”

ಪ್ರಾರ್ಥನಾ ತಲೆ ಎತ್ತಲಿಲ್ಲ. ಕಸದ ಡಬ್ಬದ ಮಾತನ್ನೂ ತೆಗೆಯಲಿಲ್ಲ. ಅವಳು ಒಂದು ಮಾತು ಆಡಿಬಿಟ್ಟಿದ್ದರೇ ವಾಸಿಯಿತ್ತು ಅನ್ನಿಸಿತು ಅವರಿಗೆ.

ಊರಂಚಿನ ಮುಐದರ್ ಬಡಾವಣೆಯ ಮನೆಗೆ ಬಂದಾಗ ಐದೂವರೆ. ಮನೆ ಅಂದರೆ ಒಂದು ದೊಡ್ಡ ವಿಲ್ಲಾದ ಐದನೇ ಒಂದು ಪಾಲು. ಅವರ ನಡುಮನೆಯ ಮಧ್ಯದ ಹಲಗೆ ಗೋಡೆ ಬಡಿದರೆ ಡಬಡಬ ಅನ್ನುತ್ತಿತ್ತು. ಊರಿನವರ ಗೋಡೆಯನ್ನೆಲ್ಲ ಸ್ಕೇಲು ಹಿಡಿದು ಅಳೆಯುವ ಮನುಷ್ಯ ಇಂಥ ಗೋಡೆಯ ಪಕ್ಕ ಹನ್ನೆರಡು ವರ್ಷ ನಿದ್ದೆ ಮಾಡಿದ್ದರು. ಬಾಗಿಲಲ್ಲೇ ಚಪ್ಪಲಿ ಗೂಡು. ಅದರ ಮೇಲೊಂದು ಹಿತ್ತಾಳೆ ಪಾತ್ರೆ, ಒಳಗೆ ಕಾರಿನ ಕೀಲಿ, ಮೆಟ್ರೋ ಕಾರ್ಡು, ರಬ್ಬರ್ ಬ್ಯಾಂಡು, ಬರೆಯದ ಪೆನ್ನುಗಳು. ವೆಂಕಟರಾಮು ಕೀಲಿಯನ್ನು ಅದಕ್ಕೆ ಎಸೆದು ಸೋಫಾದ ಮೇಲೆ ಉರುಳಿಕೊಂಡರು.

“ಏನು, ಎರಡನೇ ಸಂಸಾರದಲ್ಲಿ ಜಗಳವಾ?” ಅಂದರು ವೇದಾ, ಕಾಫಿ ಹಿಡಿದು ಬಂದು.

ಅವರು ಎಲ್ಲಾ ಹೇಳಿದರು. ಲ್ಯಾಪ್‌ಟಾಪ್ ತೆಗೆದು ಫೋಟೋ ತೋರಿಸಿದರು. “ನೀನೇ ಹೇಳು. ಹೊಸದಾಗಿ ತೋರಣ ಕಟ್ಟಿದ್ದಾರೆ, ಹೊಸಿಲಿಗೆ ರಂಗೋಲಿ ಇಟ್ಟಿದ್ದಾರೆ. ಇಂಥ ಮನೇಲಿ ಜನ ಇಲ್ಲ ಅಂದ್ರೆ ನಂಬೋದು ಹ್ಯಾಗೆ? ಆ ಬಿಲ್ಡರ್ ಸುಳ್ಳು ಹೇಳ್ತಾನೆ ಕಣೇ.”

ವೇದಾ ಸೆರಗಿನ ತುದಿಯಿಂದ ಲ್ಯಾಪ್‌ಟಾಪಿನ ಧೂಳು ಒರೆಸಿ, ಚಿತ್ರವನ್ನು ದೊಡ್ಡದು ಮಾಡಿ, ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು. ಮದುವೆಮನೆಗೆ ಹೋದರೆ ಅಡುಗೆಭಟ್ಟರ ಕೈಯನ್ನೂ ಬೀಗರ ಮುಖವನ್ನೂ ಒಂದೇ ನೋಟಕ್ಕೆ ಅಳೆದುಬಿಡುವ ಕಣ್ಣು ಅದು.

“ಇಲ್ಲಿ ನೋಡಿ, ಮೆಟ್ಟಿಲ ಪಕ್ಕ ಕೆಂಪಗೆ ಏನೋ ಒಣಗಿದೆ.”

“ಮಣ್ಣಿರಬೇಕು.”

“ಮಣ್ಣಲ್ಲ ರೀ. ಬೂದುಗುಂಬಳಕಾಯಿ ಒಡೆದಿದ್ದಾರೆ, ಕುಂಕುಮ ಹಾಕಿ. ಯುಗಾದಿ ಹಬ್ಬಕ್ಕೆ ಯಾರಾದ್ರೂ ಕುಂಬಳಕಾಯಿ ಒಡೀತಾರಾ? ಇದು ಗೃಹಪ್ರವೇಶ. ಯುಗಾದಿ ದಿನ ಪಂಚಾಂಗ ನೋಡೋದೇ ಬೇಡ, ಇಡೀ ದಿನ ಮುಹೂರ್ತ. ಅದಕ್ಕೇ ಅವತ್ತು ಇಟ್ಕೊಂಡಿದ್ದಾರೆ.” ಬೆರಳು ಕಿಟಕಿಯ ಮೇಲೆ ಹೋಯಿತು. “ಗಾಜಿನ ಮೇಲೆ ಕಂಪನಿ ಸ್ಟಿಕ್ಕರ್ ಹಂಗೇ ಇದೆ. ಇದ್ದೋರು ಯಾರಾದ್ರೂ ಅದನ್ನ ಕೀಳದೆ ಬಿಡ್ತಾರಾ?”

“ಮತ್ತೆ ಗೃಹಪ್ರವೇಶ ಮಾಡಿದ ಮೇಲೆ ಇರೋದಿಲ್ವಾ?”

ವೇದಾ ಅವರ ಮುಖ ನೋಡಿದರು. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಹಾಲು ತಂದಿರಾ ಅಂತ ಕೇಳುವಾಗಿನ ದನಿಯಲ್ಲೇ ಕೇಳಿದರು.

“ನಾವಿದ್ದೀವಾ?”

ವೆಂಕಟರಾಮು ಲ್ಯಾಪ್‌ಟಾಪ್ ಮುಚ್ಚಿದರು. ಬೋಗಾದಿಯ ಮನೆಯಲ್ಲಿ ಹಾಲುಕ್ಕಿಸಿದ್ದು ಹತ್ತು ದಿನದ ರಜೆಯಲ್ಲಿ. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಆಷಾಢ ಬಂದುಬಿಡುತ್ತದೆಂದು ಅವಸರ. ಅಡುಗೆಮನೆಯ ಕಟ್ಟೆಗೆ ಕಲ್ಲು ಕೂರಿಸಿರಲಿಲ್ಲ, ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದ್ದರು. ಹಾಲು ಪೂರ್ವಕ್ಕೆ ಉಕ್ಕಿತು, ಅದೇ ದಿಕ್ಕು ಬೇಕಾದದ್ದು, ಎಲ್ಲರೂ ಹೋ ಎಂದರು. ನಾಲ್ಕನೇ ದಿನ ವಿಮಾನ ಹತ್ತಿದರು. ಅಲ್ಲಿಂದೀಚೆಗೆ ವೇದಾ ಅವರ ತಮ್ಮ ಪ್ರಶಾಂತ ತಿಂಗಳಿಗೊಮ್ಮೆ ಹೋಗಿ ಕಿಟಕಿ ತೆರೆದು, ಕಿಟಕಿ ಹಾಕಿ ಬರುತ್ತಿದ್ದ.

“ಊರವರ ಖಾಲಿ ಮನೆ ಎಣಿಸೋದಕ್ಕೆ ನಿಮ್ಮನ್ನ ಬಿಟ್ರೆ ಇಲ್ಲ ಬಿಡಿ,” ಎಂದು ವೇದಾ ಕೊನೆಗೆ ನಕ್ಕುಬಿಟ್ಟರು. “ಕಾಫಿ ಕುಡೀರಿ, ಆರಿಹೋಗತ್ತೆ.”

ಆಮೇಲೆ ಲೋಟ ತೆಗೆದುಕೊಂಡು ಹೋಗುವಾಗ, ತನ್ನಷ್ಟಕ್ಕೆ ಅನ್ನುವ ಹಾಗೆ ಇನ್ನೊಂದು ಮಾತು ಸೇರಿಸಿದರು. “ಪಾಪ, ಹಾಲುಕ್ಕಿಸಿದೋರು ಇಷ್ಟಪಟ್ಟು ಬಿಟ್ಟು ಹೋಗಿರಲ್ಲ. ಅಲ್ಲೇನೋ ಮುಗಿದಿಲ್ಲ. ಏನು ಕಮ್ಮಿಯಿದೆ ಅಂತ ಅವರನ್ನೇ ಕೇಳ್ಬೇಕು.”

ಗುರುವಾರ ಮಧ್ಯಾಹ್ನ ಎರಡಕ್ಕೆ ವಿಡಿಯೋ ಮೀಟಿಂಗು. ಇಂಗ್ಲೆಂಡಿನಲ್ಲಿ ಆಗ ಹನ್ನೆರಡು. ಗ್ವೆನ್ ತಲೆಗೂದಲು ಕೆದರಿಕೊಂಡು, ಮುಂದೆ ಟೀ ಮಗ್ಗು ಇಟ್ಟುಕೊಂಡು ಕೂತಿದ್ದರು. ಇತ್ತ ಡ್ಯಾರೆಲ್ ಮೇಜಿನ ಕೆಳಗೆ ವೆಂಕಟರಾಮು ಅವರ ಮಂಡಿಯನ್ನು ಒಮ್ಮೆ ತಟ್ಟಿದ. ಪರಿಶೀಲನೆಯಲ್ಲಿದೆ ಅನ್ನಿ, ಅಷ್ಟೆ.

“ಗ್ವೆನ್, ತಪ್ಪು ನನ್ನದು,” ಅಂದರು ವೆಂಕಟರಾಮು ಇಂಗ್ಲಿಷಿನಲ್ಲಿ. “ಮೂವತ್ತೊಂಬತ್ತೇ ಸರಿ. ನನ್ನ ಸಹೋದ್ಯೋಗಿ ಪ್ರಾರ್ಥನಾ ಅವತ್ತೇ ಹೇಳಿದ್ದಳು, ಡಬ್ಬ ಇಲ್ಲ, ಪರದೆ ಇಲ್ಲ ಅಂತ. ನಾನು ಕೇಳಲಿಲ್ಲ.”

ಡ್ಯಾರೆಲ್ ಕಣ್ಣು ಮುಚ್ಚಿಕೊಂಡ. ಪ್ರಾರ್ಥನಾ ಮೊದಲ ಸಲ ತಲೆ ಎತ್ತಿದಳು. ಗ್ವೆನ್ ಮುಖದಲ್ಲಿ ಸಿಟ್ಟು ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮಗ್ಗನ್ನು ಪಕ್ಕಕ್ಕೆ ಸರಿಸಿದರು.

“ಜಲ್ಲಿರಾಶಿಯಲ್ಲಿ ಕಳೆದ ವಾರ ಒಂದು ಮಗು ಮೊಣಕೈ ಮುರಿದುಕೊಂಡಿತು, ವೆಂಕಟ್,” ಅಂದರು. “ಹಾಗಾಗಿ ನನಗೆ ಅವಸರವಿತ್ತು. ಇರಲಿ.”

“ಒಂದು ನಿಮಿಷ,” ಎಂದರು ವೆಂಕಟರಾಮು. “ಇನ್ನೊಂದು ವಿಷಯ ಹೇಳುವುದಿದೆ. ಇದು ನನ್ನ ಹೆಂಡತಿ ಕಂಡುಹಿಡಿದದ್ದು.” ತೋರಣ, ಕುಂಬಳಕಾಯಿ, ಉಕ್ಕುವ ಹಾಲು, ಎಲ್ಲಾ ವಿವರಿಸಿದರು. ಇಂಗ್ಲಿಷಿನಲ್ಲಿ ಹಾಲುಕ್ಕಿಸುವುದನ್ನು ಹೇಳುವಷ್ಟರಲ್ಲಿ ಬೆವರಿಳಿಯಿತು. ಹಾಲನ್ನು ಬೇಕೆಂದೇ ಚೆಲ್ಲುತ್ತೀರಾ ಅಂತ ಗ್ವೆನ್ ಎರಡು ಸಲ ಕೇಳಿದರು. “ಹೌದು, ಬೇಕೆಂದೇ. ಈಗ ಕೇಳಿ. ಇಷ್ಟೆಲ್ಲಾ ಮಾಡಿದವರು ಆ ಮನೆ ಬೇಡ ಅಂತ ದೂರ ಉಳಿದಿಲ್ಲ. ಏನೋ ಒಂದು ಅವರನ್ನು ತಡೆದಿದೆ. ಅದೇನು ಅಂತ ಬಿಲ್ಡರನ್ನ ಕೇಳಬೇಡಿ. ಅವರನ್ನೇ ಹುಡುಕಿ ಕೇಳಿ. ನಾಳೆ ಶುಕ್ರವಾರ, ಸಂಜೆ ಆ ಕಡೆ ಒಂದು ಸುತ್ತು ಹೋಗಿ. ಇರಲಾಗದಿದ್ದರೂ ದೀಪ ಹಚ್ಚಲು ಬರಬಹುದು.”

ಮೀಟಿಂಗು ಮುಗಿಯಿತು. “ನಿಮ್ಮ ಲೆಟರ್ ಹೋಯ್ತು ಸರ್,” ಅಂದ ಡ್ಯಾರೆಲ್, ಬೇಜಾರಿನಿಂದ. “ಹೋಯ್ತಪ್ಪ,” ಅಂದರು ಅವರು. ಪ್ರಾರ್ಥನಾ ಕೇಳದೆಯೇ ಕೆಳಗೆ ಹೋಗಿ ಮೂರು ಕಡಕ್ ಚಹಾ ತಂದಳು.

ಶುಕ್ರ, ಶನಿ ರಜೆ. ವೆಂಕಟರಾಮು ಎರಡು ದಿನ ಫೋನು ತೆಗೆದು ತೆಗೆದು ನೋಡಿದರು. ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಟ್ಟೆಗೆ ಬೀಳುವ ಹೊತ್ತಿಗೆ ಗ್ವೆನ್ ಅವರ ಇ-ಮೇಲ್ ಬಂದಿತ್ತು.

ಬಂದಿದ್ದರಂತೆ. ಗಂಡ, ಹೆಂಡತಿ, ಐದು ವರ್ಷದ ಹುಡುಗಿ. ಹತ್ತು ಮೈಲಿ ದೂರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಪ್ರತಿ ಶುಕ್ರವಾರ ಸಂಜೆ ಬಂದು, ಖಾಲಿ ನಡುಮನೆಯಲ್ಲಿ ದೀಪ ಹಚ್ಚಿ, ನೆಲದ ಮೇಲೆ ಅರ್ಧ ಗಂಟೆ ಕೂತು ಹೋಗುತ್ತಾರಂತೆ. ಕಮ್ಮಿಯಿದ್ದದ್ದು ಒಂದೇ: ಮಹಡಿ ಮೆಟ್ಟಿಲಿಗೆ ಕಂಬಿ. ಕಂಬಿಯಿಲ್ಲದೆ ವಾಸಕ್ಕೆ ಒಪ್ಪಿಗೆ ಇಲ್ಲ. ಮುಂದಿನ ವಾರ, ಮುಂದಿನ ವಾರ ಅನ್ನುತ್ತಾ ಬಿಲ್ಡರು ಮೂರು ತಿಂಗಳು ತಳ್ಳಿದ್ದರು. ಮೂವತ್ತೊಂಬತ್ತು ಮನೆಗೆ ಸಿಕ್ಕ ಕಂಬಿ ಇದೊಂದಕ್ಕೆ ಸಿಕ್ಕಿರಲಿಲ್ಲ. ಆ ಮಾತುಗಳೆಲ್ಲ ಹೆಂಡತಿಯ ಫೋನಿನಲ್ಲಿ ತಾರೀಖಿನ ಸಮೇತ ಇದ್ದವು. ‘ನನಗೆ ಇಷ್ಟೇ ಸಾಕು,’ ಎಂದು ಬರೆದಿದ್ದರು ಗ್ವೆನ್. ‘ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ.’

“ಕೇಳಿದ್ಯಾ ವೇದಾ? ನಿನಗೆ ನಮಸ್ಕಾರವಂತೆ, ಪಾಲಿಕೆಯಿಂದ!”

“ಕಂಬಿಯಾ?” ಅಂದರು ವೇದಾ. “ಅಯ್ಯೋ, ಒಂದು ಕಂಬಿಗೆ ಮೂರು ತಿಂಗಳಾ?” ಅವರ ಕಣ್ಣಲ್ಲಿ ನೀರು ಬಂದಿತ್ತು. ಕಂಡವರಲ್ಲ, ಹೆಸರು ಕೂಡ ಗೊತ್ತಿಲ್ಲ.

ಪಾಲಿಕೆ ಒಂದು ಗಡಸು ನೋಟೀಸು ಕೊಟ್ಟಿತು. ಕಂಬಿ ನಾಲ್ಕೇ ದಿನದಲ್ಲಿ ಬಂತು. ಜುಲೈ ಮೊದಲ ವಾರ ಒಂದು ಫೋಟೋ ಬಂತು. ತೋರಣ ಒಣಗಿ ಕಂದಾಗಿತ್ತು, ಯಾರೂ ಬಿಚ್ಚಿರಲಿಲ್ಲ. ಕಿಟಕಿಗೆ ಹೂವಿನ ಪರದೆ. ಬಾಗಿಲ ಪಕ್ಕ ಭರ್ಜರಿಯಾದೊಂದು ಹಸಿರು ಕಸದ ಡಬ್ಬ. ಪ್ರಾರ್ಥನಾ ಅದನ್ನು ದೊಡ್ಡದಾಗಿ ಪ್ರಿಂಟು ತೆಗೆದು ತನ್ನ ಮೇಜಿನ ಮೇಲಿನ ಬೋರ್ಡಿಗೆ ಚುಚ್ಚಿದಳು. “ಈಗ ಹಾಕ್ಲಾ ಸರ್?” ಅಂದಳು. “ಹಾಕಮ್ಮ ತಾಯಿ,” ಅಂದರು ವೆಂಕಟರಾಮು, ಎರಡೂ ಕೈ ಜೋಡಿಸಿ.

ಅದೇ ವಾರ ಗ್ವೆನ್ ಬರೆದ ಪತ್ರವೂ ಬಂತು, ಕೇಳದೆಯೇ. ತನ್ನ ತಪ್ಪನ್ನು ತಾನೇ ಹೇಳುವವರು ಲೆಕ್ಕ ಇಟ್ಟರೆ ನನಗೆ ನಿಶ್ಚಿಂತೆ, ಇನ್ನೊಂದು ವರ್ಷ ಇವರೇ ಇರಲಿ ಎಂದು. ಡ್ಯಾರೆಲ್ ಕುರ್ಚಿಯಿಂದ ಎದ್ದು ಬಂದು ತಬ್ಬಿಕೊಂಡ. “ನೀವೊಂದು ಸೈನ್ ಹಾಕಿ ಸರ್, ಆಯ್ತು. ಯಲ್ಲಾ, ಈಗ ಹೊರಡಿ, ಭಾನುವಾರ ಕೊಡಿ ಸಾಕು.”

ಪತ್ರ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು. ವೇದಾ ಓದಿ, ಮಡಿಚಿ, ವಾಪಸು ಕೊಟ್ಟರು. “ಒಳ್ಳೇದಾಯ್ತಲ್ಲ. ಆ ಮೈದಾನ ಆಗೋದು ನೋಡಬಹುದು ನೀವು,” ಅಂದರು. ಮನಸಾರೆ ಅಂದರು. ಅದೇ ವೆಂಕಟರಾಮುಗೆ ತಡೆಯದಾಯಿತು. ಒಂದು ಕೊಂಕು ಮಾತು ಬಂದಿದ್ದರೆ ಇವರೂ ಒಂದು ಮಾತು ಆಡಿ, ಸಹಿ ಹಾಕಿ, ಹಗುರಾಗಿಬಿಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ವೇದಾ ಪೂಜೆಗೆ ಹೂವು ಬಿಡಿಸುತ್ತಾ ಕೂತಿದ್ದಾಗ ಅವರು ಹತ್ತಿರ ಬಂದು ಕೂತರು.

“ವೇದಾ, ಅವರ ಮನೆಗೆ ಕಂಬಿ ಕಮ್ಮಿಯಿತ್ತು. ನಮ್ಮನೇಲಿ ಏನು ಕಮ್ಮಿಯಿದೆ?”

ವೇದಾ ಕೈಯಲ್ಲಿದ್ದ ಹೂವನ್ನು ಹಾಗೇ ಹಿಡಿದು ಯೋಚಿಸಿದರು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆನ್ನುವ ಹೆಂಗಸು. ಅಡುಗೆಮನೆಯಿಂದ ಶುರುಮಾಡಿ ಮಹಡಿಯವರೆಗೆ ಮನಸ್ಸಿನಲ್ಲೇ ಒಂದು ಸುತ್ತು ಹೋಗಿಬಂದರು.

“ಏನೂ ಕಮ್ಮಿಯಿಲ್ಲ ರೀ,” ಅಂದರು ಕೊನೆಗೆ. “ಹಿತ್ತಲ ಬಾಗಿಲ ಚಿಲಕ ಸ್ವಲ್ಪ ಬಿಗಿ. ಎಣ್ಣೆ ಬಿಟ್ರೆ ಸರಿಹೋಗತ್ತೆ.”

ಹೂವು ಬಿಡಿಸುವುದು ಮುಂದುವರಿಯಿತು. ವೆಂಕಟರಾಮು ಎದ್ದು ಬಾಗಿಲ ಹತ್ತಿರ ಹೋದರು. ಚಪ್ಪಲಿ ಗೂಡಿನ ಮೇಲಿದ್ದ ಹಿತ್ತಾಳೆ ಪಾತ್ರೆಯನ್ನು ಎತ್ತಿ, ಹಳೇ ಪೇಪರಿನ ಮೇಲೆ ಬೋರಲು ಹಾಕಿದರು. ಕೀಲಿಗಳು, ಕಾರ್ಡುಗಳು, ಪೆನ್ನುಗಳು ಜಣಜಣ ಬಿದ್ದವು. ಬೋಗಾದಿಯಲ್ಲಿ ಮೂರು ಇಟ್ಟಿಗೆಯ ಮೇಲೆ ಕೂತಿದ್ದ ಪಾತ್ರೆ ಇದೇ. ಅವತ್ತು ಹಾಲುಕ್ಕಿದ ಗುರುತಿರಲಿ ಎಂದು ವೇದಾ ಸೀರೆಯಲ್ಲಿ ಸುತ್ತಿ ತಂದಿದ್ದರು. ಈಗ ಒಳಗೆಲ್ಲ ಕಪ್ಪು ಹಿಡಿದಿತ್ತು.

ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಡಬ್ಬ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಮೂರು ಡಬ್ಬ ತೆಗೆದು ನಾಲ್ಕನೆಯದರಲ್ಲಿ ಸಿಕ್ಕಿತು. ನಿಂಬೆಗಾತ್ರದ ಒಂದು ಉಂಡೆ, ಒಂದು ಹಿಡಿ ಉಪ್ಪು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಒಂದು ಲೋಟವನ್ನೂ ತೊಳೆದವರಲ್ಲ. ಅಂಗಿಯ ತೋಳು ಮಡಿಚಿ, ಸಿಂಕಿನ ಮುಂದೆ ನಿಂತು ಉಜ್ಜತೊಡಗಿದರು. ಕಪ್ಪು ನೀರು ಇಳಿಯಿತು, ಅಂಗಿಯ ಮೇಲೂ ಒಂದಿಷ್ಟು ಸಿಡಿಯಿತು. ಅಂಚಿನಲ್ಲಿ ಒಂದು ಬೆರಳಗಲ ಹಳದಿ ಕಾಣಿಸಿತು.

ಹಿಂದೆ ಹೆಜ್ಜೆಯ ಸದ್ದು ಕೇಳಿತು. ಅವರು ತಿರುಗಲಿಲ್ಲ. ವೇದಾ ಬಾಗಿಲಿಗೊರಗಿ, ಕೈಯಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದರು.

“ತಳ ಚೆನ್ನಾಗಿ ಉಜ್ಜಿ,” ಅಂದರು. “ಹಾಲು ಹಿಡಿಯೋದು ಅಲ್ಲೇ.”

“ಆಗಸ್ಟಿಗೆ ಬೇಕಲ್ಲ,” ಅಂದು ವೆಂಕಟರಾಮು ಇನ್ನಷ್ಟು ಹುಣಸೆಹಣ್ಣು ತೆಗೆದುಕೊಂಡರು.